ನಂಗಲಿಯಿಂದ ಮಲ್ಪೆಗೆ

ಕೋಲಾರ ಜಿಲ್ಲೆ ಕೆರೆಗಳ ನಾಡು. ವರ್ಷವಿಡೀ ತುಂಬಿ ಹರಿಯುವ ನದಿ ಇಲ್ಲಿಲ್ಲ. ಮುಳಬಾಗಿಲು ತಾಲ್ಲೂಕಿನ ಮೂಡಣ ಅಂಚಿನಲ್ಲಿರುವ ನಂಗಲಿಯ ಮಕ್ಕಳಿಗೆ ಕೆರೆಯೇ ಕಡಲು. ಹೊಯ್ಸಳ ಅರಸ ವಿಷ್ಣುವರ್ಧನನ ಶಾಸನಗಳು ಅವನ ರಾಜ್ಯಕ್ಕೆ ಮೂಡಲಲ್ಲಿ ನಂಗಲಿಯ ಘಟ್ಟವನ್ನೂ ಪಡುವಲಲ್ಲಿ ಬಾರಕನೂರಿನ ಘಟ್ಟವನ್ನೂ ಎಲ್ಲೆಗಳೆಂದು ಹೇಳುತ್ತವೆ. ಇಂದು ನಂಗಲಿಯನ್ನು ಹಾಯುವ 75ನೆಯ ರಾಷ್ಟ್ರೀಯ ಹೆದ್ದಾರಿಯು ಕೋಲಾರ, ಬೆಂಗಳೂರು, ಹಾಸನಗಳನ್ನು ದಾಟಿ, ಶಿರಾಡಿ ಘಾಟಿಯನ್ನಿಳಿದು, ಬಂಟ್ವಾಳವನ್ನು ಮುಟ್ಟುತ್ತದೆ. “ಈ ದಾರಿಯ ಕೊನೆಯಲ್ಲಿ ಏನಿದೆ?” ಎಂದು ನನ್ನ ವಿದ್ಯಾರ್ಥಿಯೊಬ್ಬ ಕೇಳಿದ ಪ್ರಶ್ನೆಯೇ ನಮ್ಮ ಪ್ರವಾಸಕ್ಕೆ ಕಾರಣವಾಯಿತು.

ಡಿಸೆಂಬರ್ ತಿಂಗಳ ಒಂದು ನಸುಕಿನಲ್ಲಿ ನಾವು ಉಡುಪಿಯಿಂದ ಮಲ್ಪೆಗೆ ಹೊರಟೆವು. ಮಲ್ಪೆ ಅಲ್ಲಿಂದ ಪಶ್ಚಿಮಕ್ಕೆ ಸುಮಾರು 6 ಕಿಲೋಮೀಟರು. ಉದ್ಯಾವರ ಹೊಳೆ ಕಡಲನ್ನು ಕೂಡುವ ಅಳಿವೆಯ ಒಳಗೆ, ಅಲೆಗಳ ಹೊಡೆತ ತಾಗದ ಕಡೆ, ಬಂದರು ಇದೆ. ನಾವು ತಲುಪಿದಾಗ ಇನ್ನೂ ಬೆಳಕು ಹರಿದಿರಲಿಲ್ಲ. ಆದರೆ ಬಂದರಿಗೆ ಆಗಲೇ ಹಗಲಾಗಿತ್ತು. ನೂರಾರು ದೋಣಿಗಳು ಒಂದಕ್ಕೊಂದು ಮೈ ತಾಗಿಸಿಕೊಂಡು ನಿಂತಿದ್ದವು. ವಾರಕ್ಕೂ ಮಿಕ್ಕಿ ಆಳಕಡಲಿನಲ್ಲಿದ್ದು ಮರಳಿದ ಟ್ರಾಲ್ ದೋಣಿಗಳಿಂದ ಮಂಜುಗಡ್ಡೆಯಲ್ಲಿಟ್ಟ ಮೀನನ್ನು ಬುಟ್ಟಿಬುಟ್ಟಿಯಾಗಿ ಇಳಿಸುತ್ತಿದ್ದರು. ಬಂಗುಡೆ, ಬೂತಾಯಿ, ಅಂಜಲ್, ಮಾಂಜಿ, ಸಿಗಡಿ ಎಂದು ಬಗೆಬಗೆಯಾಗಿ ವಿಂಗಡಿಸಿ ರಾಶಿ ಹಾಕುತ್ತಿದ್ದರು. ಹರಾಜಿನ ಕೂಗು ಒಂದು ಕಡೆ, ಲಾರಿಗಳ ಸದ್ದು ಇನ್ನೊಂದು ಕಡೆ. ಹರಾಜಿನಲ್ಲಿ ಮೀನು ಕೊಂಡ ಹೆಂಗಸರು ಬುಟ್ಟಿ ಹೊತ್ತು ಊರ ಕಡೆ ಬಿರುಸಾಗಿ ನಡೆದರು. ಕಡಲಿನ ದುಡಿಮೆ ಗಂಡಸರದಾದರೆ, ಆ ದುಡಿಮೆಯನ್ನು ಮನೆಯ ಅನ್ನವಾಗಿ ಮಾಡುವವರು ಈ ತಾಯಂದಿರು.

ಬಂದರಿನ ಒಂದು ಮೂಲೆಯಲ್ಲಿ ವೃದ್ಧರೊಬ್ಬರು ಬಲೆಯ ಹರಕನ್ನು ಹೆಣೆಯುತ್ತ ಕುಳಿತಿದ್ದರು. ಕಣ್ಣು ಬೇರೆಡೆಗಿದ್ದರೂ ಅವರ ಬೆರಳು ತಪ್ಪುತ್ತಿರಲಿಲ್ಲ. ನಾವು ದೂರದಿಂದ ಬಂದವರೆಂದು ತಿಳಿದು, ತಾವು ಎಳೆಯರಾಗಿದ್ದಾಗಿನ ರಂಪಣಿ ಬಲೆಯ ಸಂಗತಿಯನ್ನು ಹೇಳಿದರು. ಅನೇಕ ಮನೆಗಳವರು ತಂತಮ್ಮ ಪಾಲಿನ ಬಲೆ ತಂದು ಜೋಡಿಸಿದಾಗ ಒಂದು ರಂಪಣಿಯಾಗುತ್ತಿತ್ತು. ಅದರ ಒಂದು ತುದಿಯನ್ನು ದಡದಲ್ಲಿರಿಸಿ, ದೋಣಿಯಲ್ಲಿ ಕಡಲನ್ನು ಅರ್ಧ ಸುತ್ತಿ, ಇನ್ನೊಂದು ತುದಿಯನ್ನು ದಡಕ್ಕೆ ತರುತ್ತಿದ್ದರು. ಬಳಿಕ ಹತ್ತಾರು ಜನ ಎರಡು ಸಾಲಾಗಿ ನಿಂತು ಎಳೆಯುತ್ತಿದ್ದರು. ಬಂದದ್ದನ್ನು ಎಲ್ಲರೂ ಹಂಚಿಕೊಳ್ಳುತ್ತಿದ್ದರು.

1970ರ ದಶಕದ ನಡುವಿನಲ್ಲಿ ಪರ್ಸಿನ್ ದೋಣಿಗಳು ಬಂದವು. ಇವು ಮೀನಿನ ಹಿಂಡನ್ನು ಆಳದಲ್ಲಿಯೇ ಬಲೆಯಿಂದ ಸುತ್ತುವರಿದು, ಸಂಚಿಯ ಬಾಯಿ ಬಿಗಿದಂತೆ ಬಲೆಯ ತಳವನ್ನು ಬಿಗಿಯುತ್ತವೆ. ದಡದವರೆಗೆ ಬರುವ ಮೀನು ವಿರಳವಾಯಿತು. ದೊಡ್ಡ ರಂಪಣಿಗಳು ಮೂಲೆ ಸೇರಿದವು. ಯಂತ್ರದಿಂದ ಆದಾಯ ಹೆಚ್ಚಿತೆಂಬುದು ನಿಜ. ಆದರೆ ಒಂದೇ ಬಲೆಯನ್ನು ಹಿಡಿದು ನಿಲ್ಲುತ್ತಿದ್ದ ಕೈಗಳು ಚದರಿದವೆಂಬುದೂ ಅಷ್ಟೇ ನಿಜ.

“ಇಷ್ಟು ದೊಡ್ಡ ಕಡಲು! ಇದರಲ್ಲಿ ಮೀನಿಗೆ ಕೊನೆಯುಂಟೇ?” ಎಂದು ಹುಡುಗನೊಬ್ಬ ಕೇಳಿದನು.

ವೃದ್ಧರು ನಕ್ಕರು. “ಬಿತ್ತಕ್ಕೆ ಇಟ್ಟ ಭತ್ತವನ್ನೂ ಉಂಡರೆ ಮರುವರ್ಷ ಏನು ಬಿತ್ತುವುದು ಮಗಾ? ಕಡಲಿಗೂ ಬಿತ್ತ ಉಂಟು.”

ನಮ್ಮ ಮಕ್ಕಳಿಗೆ ಭತ್ತದ ಬದಲು ರಾಗಿ ನೆನಪಾಗಿರಬೇಕು. ಮಾತು ಮಾತ್ರ ಒಡನೆಯೇ ತಿಳಿಯಿತು. ಕರ್ನಾಟಕದ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ, 61 ದಿನಗಳ ಕಾಲ, ಯಾಂತ್ರಿಕ ಮೀನುಗಾರಿಕೆಗೆ ನಿಷೇಧವಿದೆ. ಆಗ ಕಡಲು ಪ್ರಕ್ಷುಬ್ಧವಾಗಿರುತ್ತದೆ. ಹಲವು ಜಾತಿಯ ಮೀನುಗಳು ಮೊಟ್ಟೆಯಿಡುವ ಕಾಲವೂ ಅದೇ. ಈ ಎಚ್ಚರ ತಡವಾದರೆ ನಷ್ಟ ದೊಡ್ಡದು. ಗ್ರೀಸ್ ದೇಶದಲ್ಲಿ ಮೀನುಗಾರಿಕೆಯ ಹೊರೆ ತಗ್ಗಿಸಲೆಂದು ಪರಿಹಾರಧನ ಕೊಟ್ಟು, ತಲೆಮಾರುಗಳ ಕುಶಲತೆಯಿಂದ ಕಟ್ಟಿದ್ದ ಸಾವಿರಾರು ಮರದ ದೋಣಿಗಳನ್ನು ಒಡೆದುಹಾಕಬೇಕಾಯಿತು.

ಕಡಲು ಕೊಡುವುದಷ್ಟೇ ಅಲ್ಲ, ಕಸಿಯುವುದೂ ಉಂಟು. 2018ರ ಡಿಸೆಂಬರಿನಲ್ಲಿ ಇದೇ ಬಂದರಿನಿಂದ ಏಳು ಮಂದಿಯೊಡನೆ ಹೊರಟ ‘ಸುವರ್ಣ ತ್ರಿಭುಜ’ ಎಂಬ ದೋಣಿ ಮರಳಲಿಲ್ಲ. ಅದರ ಅವಶೇಷ ಮಹಾರಾಷ್ಟ್ರದ ಕಡಲಿನಲ್ಲಿ ಪತ್ತೆಯಾದದ್ದು 2019ರ ಮೇ ತಿಂಗಳಲ್ಲಿ. ಅಷ್ಟು ತಿಂಗಳು ಏಳು ಮನೆಗಳವರು ದಾರಿ ಕಾದರು. ವೃದ್ಧರು ಇದನ್ನು ಹೇಳಿ ಕ್ಷಣಕಾಲ ಸುಮ್ಮನಾದರು. ಬಳಿಕ ಮತ್ತೆ ಬಲೆಯನ್ನು ಕೈಗೆತ್ತಿಕೊಂಡರು. ಮಳೆಗಾಲ ಇಳಿಯುವಾಗ ಮೀನುಗಾರರು ಕಡಲಿಗೆ ಹಾಲು, ಹೂವು, ತೆಂಗಿನಕಾಯಿ ಅರ್ಪಿಸಿ ಸಮುದ್ರಪೂಜೆ ಮಾಡುವುದೇಕೆಂದು ನಮಗೆ ಆಗ ಅರ್ಥವಾಯಿತು.

ನಾವು ಹಿಂದಿರುಗುವಾಗ ಬಿಸಿಲೇರಿತ್ತು. ದೋಣಿಯೊಂದು ಅಳಿವೆಯನ್ನು ದಾಟಿ ಹೊರಟಿತ್ತು. ಅದು ಕಣ್ಮರೆಯಾಗುವವರೆಗೂ ಮಕ್ಕಳು ಮಾತನಾಡಲಿಲ್ಲ. ಊರು ಸೇರಿದ ಮರುದಿನ, ಪ್ರಶ್ನೆ ಕೇಳಿದ್ದ ಆ ಹುಡುಗ ಕೆರೆಯ ಏರಿಯ ಮೇಲೆ ನಿಂತಿದ್ದನು. “ಸಾರ್, ನಮ್ಮ ಕೆರೆಗೂ ಬಿತ್ತ ಉಂಟಲ್ಲವೇ?” ಎಂದನು. ಉಂಟು. ಮಳೆನೀರು ತರುವ ಕಾಲುವೆ, ಹೂಳಿಲ್ಲದ ಅಂಗಳ, ಒತ್ತುವರಿಯಾಗದ ದಂಡೆ ಇವೇ ಕೆರೆಯ ಬಿತ್ತ. ಅದನ್ನು ಕಾಯುವ ಹೊಣೆ ಕೆರೆಯ ನೀರುಂಡವರೆಲ್ಲರದು.

ಅಭ್ಯಾಸ

1. ರಂಪಣಿ ಬಲೆಯ ಮೀನುಗಾರಿಕೆಯ ಕ್ರಮವನ್ನು ವಿವರಿಸಿರಿ.
2. “ಕಡಲಿಗೂ ಬಿತ್ತ ಉಂಟು” ಈ ಮಾತನ್ನು ಯಾರು, ಯಾರಿಗೆ, ಯಾವ ಸಂದರ್ಭದಲ್ಲಿ ಹೇಳಿದರು?
3. ನಿಮ್ಮ ಊರಿನ ಕೆರೆಯ ಇಂದಿನ ಸ್ಥಿತಿಯನ್ನು ಕುರಿತು ಹಿರಿಯರನ್ನು ಕೇಳಿ ಹತ್ತು ವಾಕ್ಯ ಬರೆಯಿರಿ.