ಮೂರು ಮೀಟರ್ ಮಡಿ, ಎರಡು ಕೊಡ ನೀರು



ಈ ಸಲದ ಗೋಡೆ ಪತ್ರಿಕೆಗೆ ಕೈತೋಟದ ಪಾಠ ಬರೆಯಲು ವಿಜ್ಞಾನ ಮೇಷ್ಟ್ರು ನನಗೇ ಹೇಳಿದ್ದಾರೆ. ಯಾಕೆ ನನಗೇ ಅಂತ ನಮ್ಮ ಒಂಬತ್ತನೇ ತರಗತಿಯವರಿಗೆ ಗೊತ್ತು. ದಸರಾ ರಜೆ ಮುಗಿದ ಮೇಲೆ ಶಾಲೆ ಹಿಂದಿನ ಜಾಗವನ್ನು ಹಗ್ಗ ಹಿಡಿದು ಅಳೆದು ಒಬ್ಬೊಬ್ಬರಿಗೆ ಒಂದೊಂದು ಮಡಿ ಕೊಟ್ಟರಲ್ಲ, ಅದರಲ್ಲಿ ಎಲ್ಲರಿಗಿಂತ ಮೊದಲು ಮೊಳೆತದ್ದು ನನ್ನ ಮಡಿ. ಎಲ್ಲರಿಗಿಂತ ಮೊದಲು ಒಣಗಿದ್ದೂ ನನ್ನ ಮಡಿಯೇ. ಮುಂದಿನ ಜೂನ್‌ನಲ್ಲಿ ಮಡಿ ಹಿಡಿಯುವ ಏಳನೇ, ಎಂಟನೇ ತರಗತಿಯವರು ಇದನ್ನು ಸ್ವಲ್ಪ ನಿಧಾನವಾಗಿ ಓದಿ.

ಮಡಿ ಉದ್ದ 3 ಮೀಟರ್, ಅಗಲ 3 ಮೀಟರ್. ನೋಡಲು ಚಿಕ್ಕದು. ಆದರೆ ಗುದ್ದಲಿ ಹಿಡಿದು ಅಗೆದರೆ ಅದು ಎಷ್ಟು ದೊಡ್ಡದು ಅಂತ ಸೊಂಟಕ್ಕೆ ಗೊತ್ತಾಗುತ್ತೆ. ನಾನು ಮೂರು ದಿನ ಅಗೆದೆ. ಸಂತೆಯಿಂದ ಅಪ್ಪ ತಂದ ಬೀಜ, ಮನೆಯ ಡಬ್ಬದ ಬೀಜ, ಎಲ್ಲವನ್ನೂ ಹಾಕಿದೆ. ಬೆಂಡೆ, ಮೂಲಂಗಿ, ಮೆಂತ್ಯ, ಕೊತ್ತಂಬರಿ, ದಂಟು, ಹುರುಳಿಕಾಯಿ. ಸಾಲದು ಅಂತ ಹನ್ನೆರಡು ಟೊಮ್ಯಾಟೊ ಸಸಿ. ಒಂದು ಗೇಣು ಜಾಗವನ್ನೂ ಬಿಡಲಿಲ್ಲ. ಆಗ ಸ್ವಾತಿ ಮಳೆ ಬರುತ್ತಿತ್ತು. ವಾರದೊಳಗೆ ಮಡಿಯೆಲ್ಲ ಹಸಿರಾಯಿತು. ಪಕ್ಕದ ಮಡಿಯ ಹುಡುಗಿ ಅರ್ಧ ಜಾಗಕ್ಕೆ ಮಾತ್ರ ಬೀಜ ಹಾಕಿದ್ದಳು. ಅವಳನ್ನು ನೋಡಿ ನಾವು ನಾಲ್ಕು ಜನ ನಕ್ಕೆವು. (ಇದನ್ನು ಬರೆಯಲೇಬೇಕು ಅಂತ ಅವಳು ಹೇಳಿದ್ದಾಳೆ.)

ಆಮೇಲೆ ಮಳೆ ನಿಂತಿತು. ಬೋರ್‌ವೆಲ್ ನೀರು ಕುಡಿಯೋಕೆ, ಅಡುಗೆಗೆ ಆಗಿ ಉಳಿದದ್ದರಲ್ಲಿ ಒಂದು ಮಡಿಗೆ ದಿನಕ್ಕೆ ಎರಡು ಕೊಡ ಅಂತ ಲೆಕ್ಕ. ಭಾನುವಾರ ಅದೂ ಇಲ್ಲ. ನಾನು ಎರಡು ಕೊಡವನ್ನು ಮಡಿ ಪೂರ್ತಿ ಚಿಮುಕಿಸುತ್ತಿದ್ದೆ. ಮೇಲೆ ನೋಡಿದರೆ ಮಣ್ಣು ಕಪ್ಪಗೆ ಒದ್ದೆ, ಬೆರಳು ಹಾಕಿದರೆ ಅರ್ಧ ಇಂಚಿನ ಕೆಳಗೆ ಬರೀ ಧೂಳು. ನವೆಂಬರ್ ಮಧ್ಯದ ಒಂದು ಸೋಮವಾರ ಬಂದು ನೋಡಿದಾಗ ಟೊಮ್ಯಾಟೊ ಸಸಿಗಳು ಮಲಗಿದ್ದವು. ಬುಧವಾರದ ಹೊತ್ತಿಗೆ ಮೆಂತ್ಯ ಕೈಯಲ್ಲಿ ಉಜ್ಜಿದರೆ ಪುಡಿಯಾಗುತ್ತಿತ್ತು. ಹೊಸ ವರ್ಷದ ಹೊತ್ತಿಗೆ ಹಸಿರು ಕಾಣದ ಮಡಿಯನ್ನು ಬೇರೆಯವರಿಗೆ ಕೊಡುವುದು ಅಂತ ಮೊದಲೇ ಹೇಳಿಬಿಟ್ಟಿದ್ದರು.

ಮನೆಯಲ್ಲಿ ನಾನು ಬಾಯಿ ಬಿಡಲಿಲ್ಲ. ಊಟ ಸೇರುತ್ತಿಲ್ಲ ಅಂತ ಅಜ್ಜಿಯೇ ಕೇಳಿದಳು. ಹೇಳಿದೆ. ಅವಳು ಬೀಜದ ವಿಷಯ ಕೇಳಲಿಲ್ಲ, ಗೊಬ್ಬರದ ವಿಷಯ ಕೇಳಲಿಲ್ಲ. "ದಿನಕ್ಕೆ ಎಷ್ಟು ಕೊಡ ಕೊಡ್ತಾರೋ?" ಅಂದಳು. ಎರಡು ಅಂದೆ. "ಎರಡು ಕೊಡಕ್ಕೆ ನಾನು ಹಿತ್ಲಲ್ಲಿ ನಾಲ್ಕು ಬದನೆ, ಒಂದು ಸಾಲು ಸೊಪ್ಪು ಹಾಕ್ತೀನಿ. ನೀನು ನೆಲ ನೋಡಿ ಬೀಜ ಹಾಕ್ದೆ. ನೀರು ನೋಡಿ ಹಾಕ್ಬೇಕಿತ್ತು ಕಣೋ."

ಈ ಮಾತನ್ನು ಮಾರನೇ ದಿನ ಮೇಷ್ಟ್ರಿಗೆ ಹೇಳಿದಾಗ ಅವರು ನಕ್ಕು, "ಅಜ್ಜಿ ಹೇಳಿದ್ದನ್ನ ಲೆಕ್ಕ ಮಾಡಿ ನೋಡೋಣ ಬಾ" ಅಂದರು. ಆ ಲೆಕ್ಕ ಹೀಗಿದೆ. ಒಂದು ಚದರ ಮೀಟರ್ ಜಾಗದ ಮೇಲೆ 1 ಮಿಲಿಮೀಟರ್ ಎತ್ತರಕ್ಕೆ ನೀರು ನಿಂತರೆ ಅದು ಸರಿಯಾಗಿ 1 ಲೀಟರ್. ಮಣ್ಣಿನಿಂದ ಆವಿಯಾಗಿ, ಎಲೆಯಿಂದ ಬಾಷ್ಪವಿಸರ್ಜನೆಯಾಗಿ ನಮ್ಮ ಕಡೆಯ ಚಳಿಗಾಲದ ಬಿಸಿಲಿಗೆ ದಿನಕ್ಕೆ ಸುಮಾರು 4 ಮಿಲಿಮೀಟರ್ ನೀರು ಹೋಗುತ್ತೆ ಅಂತ ಇಟ್ಟುಕೊಳ್ಳಿ. ಅಂದರೆ ಚದರ ಮೀಟರಿಗೆ 4 ಲೀಟರ್. ನನ್ನ ಮಡಿ 9 ಚದರ ಮೀಟರ್, ಬೇಕಾದದ್ದು ದಿನಕ್ಕೆ 36 ಲೀಟರ್. ಕೊಡವನ್ನು ಲೀಟರ್ ಬಾಟಲಿಯಲ್ಲಿ ಅಳೆದೆವು, 14 ಲೀಟರ್ ಹಿಡಿಯಿತು. ಎರಡು ಕೊಡಕ್ಕೆ 28. ಭಾನುವಾರ ಇಲ್ಲವಲ್ಲ, ಆದ್ದರಿಂದ ವಾರಕ್ಕೆ 168 ಲೀಟರ್. ಅದನ್ನು ಏಳರಿಂದ ಭಾಗಿಸಿದರೆ ದಿನಕ್ಕೆ 24. ಅದನ್ನು ನಾಲ್ಕರಿಂದ ಭಾಗಿಸಿದರೆ 6. ಅಂದರೆ ನನ್ನ ಕೈಲಿದ್ದ ನೀರು ಆರು ಚದರ ಮೀಟರಿಗೆ ಮಾತ್ರ ಸಾಕು! ನಾನು ಒಂಬತ್ತಕ್ಕೂ ಹಂಚಿ ಒಂಬತ್ತನ್ನೂ ಒಣಗಿಸಿದ್ದೆ. ಬೇಸಿಗೆಯಲ್ಲಿ ದಿನಕ್ಕೆ 6 ಮಿಲಿಮೀಟರ್ ಹೋದರೆ ಅದೇ ಎರಡು ಕೊಡ ನಾಲ್ಕು ಚದರ ಮೀಟರಿಗಷ್ಟೆ. ಪಕ್ಕದ ಮಡಿಯವಳು ಯಾವ ಲೆಕ್ಕವನ್ನೂ ಮಾಡಿರಲಿಲ್ಲ. ಅವರ ಮನೆಗೆ ನೀರು ದೂರದಿಂದ ಹೊರಬೇಕು, ಅಷ್ಟೆ.

ಇನ್ನು ಮಣ್ಣು. ಒಂದು ಉದ್ದನೆಯ ಬಾಟಲಿಗೆ ಮೂರನೇ ಒಂದು ಭಾಗ ಮಣ್ಣು ಹಾಕಿ, ನೀರು ತುಂಬಿ, ಚೆನ್ನಾಗಿ ಕುಲುಕಿ ಕಿಟಕಿಯಲ್ಲಿ ಇಡಿ. ಮರಳು ಒಂದೆರಡು ನಿಮಿಷದಲ್ಲೇ ತಳಕ್ಕೆ ಕೂರುತ್ತೆ. ಅದರ ಮೇಲೆ ಗೋಡು ಮಣ್ಣು. ಜೇಡಿ ತಿಳಿಯಾಗಲು ಒಂದು ದಿನವಾದರೂ ಬೇಕು. ನನ್ನ ಬಾಟಲಿಯಲ್ಲಿ ನಾಲ್ಕು ಬೆರಳು ಮಣ್ಣಿಗೆ ಮೂರು ಬೆರಳು ಮರಳೇ ಇತ್ತು. ಇಂಥ ಕೆಂಪು ಮರಳು ಮಣ್ಣು ಅಗೆಯೋಕೆ ಸುಲಭ, ಬೇರಿಗೆ ಗಾಳಿ ಚೆನ್ನಾಗಿ ಸಿಗುತ್ತೆ, ಆದರೆ ನೀರನ್ನು ಹಿಡಿದಿಡುವುದಿಲ್ಲ. ಅದಕ್ಕೆ ಮದ್ದು ಕೊಟ್ಟಿಗೆ ಗೊಬ್ಬರ. ಎಕರೆಗೆ 10 ಟನ್ ಅಂತ ಹೇಳುವುದನ್ನು ಕೇಳಿರುತ್ತೀರಿ, ಚದರ ಮೀಟರಿಗೆ ಲೆಕ್ಕ ಹಾಕಿದರೆ ಸುಮಾರು ಎರಡೂವರೆ ಕಿಲೋ. ಆರು ಚದರ ಮೀಟರಿಗೆ 15 ಕಿಲೋ, ಒಂದು ಮಂಕರಿ. ಗೊಬ್ಬರ ಪೂರ್ತಿ ಕಳಿತಿರಬೇಕು, ಸಗಣಿ ವಾಸನೆ ಬರಬಾರದು. ಹಸಿ ಸಗಣಿ ಹಾಕಿದರೆ ಗೆದ್ದಲು ಬರುತ್ತೆ, ಬೇರಿಗೆ ಕಾವು ತಗಲುತ್ತೆ, ದನ ತಿಂದ ಕಳೆಬೀಜವೂ ಮೊಳೆಯುತ್ತೆ.

ಅಗೆಯುವಾಗ ಗರಿಕೆಯ ಬೇರು, ಜೇಕಿನ ಗಡ್ಡೆ ಸಿಕ್ಕಿದರೆ ಆರಿಸಿ ತೆಗೆಯಿರಿ. ಗುದ್ದಲಿಯಲ್ಲಿ ಕಡಿದು ಬಿಟ್ಟರೆ ಒಂದು ಗರಿಕೆ ಹತ್ತಾಗುತ್ತೆ. ಪಾರ್ಥೇನಿಯಂ ಅನ್ನು ಹೂ ಬಿಡುವ ಮೊದಲೇ ಕಿತ್ತುಹಾಕಿ, ಕೈಗೆ ಪ್ಲಾಸ್ಟಿಕ್ ಕವರ್ ಸುತ್ತಿಕೊಳ್ಳಿ, ಇಲ್ಲದಿದ್ದರೆ ತುರಿಕೆ.

ಎರಡನೇ ಸಲ ನಾನು ಆರು ಚದರ ಮೀಟರನ್ನು ಮಾತ್ರ ಎರಡು ಭಾಗ ಮಾಡಿದೆ. ಇವತ್ತು ಎರಡು ಕೊಡವೂ ಈ ಭಾಗಕ್ಕೆ, ನಾಳೆ ಎರಡೂ ಆ ಭಾಗಕ್ಕೆ. ದಿನಾ ಚಿಮುಕಿಸಿದರೆ ಬೇರು ಮೇಲೆಯೇ ಇದ್ದು ಬಿಸಿಲಿಗೆ ಸಾಯುತ್ತೆ. ದಿನ ಬಿಟ್ಟು ದಿನ ಆಳಕ್ಕೆ ಕುಡಿಸಿದರೆ ಬೇರು ನೀರು ಹುಡುಕಿಕೊಂಡು ಕೆಳಗೆ ಹೋಗುತ್ತೆ. ಆದರೆ ಬೀಜ ಮೊಳೆಯುವವರೆಗೆ ಮಾತ್ರ ಮೇಲ್ಮಣ್ಣು ಆರಬಾರದು, ಆಗ ದಿನಾ ಸ್ವಲ್ಪ ಸ್ವಲ್ಪ ಹಾಕಲೇಬೇಕು. ಗಿಡ ಒಂದು ಗೇಣು ಬಂದ ಮೇಲೆ ಬುಡಕ್ಕೆ ಹೊಂಗೆ ಸೊಪ್ಪು, ಒಣ ಎಲೆ ಮುಚ್ಚಿದೆ. ನೀರು ಹಾಕುವುದು ಸಂಜೆ, ಇಲ್ಲವೇ ಬೆಳಗಿನ ಪ್ರಾರ್ಥನೆಗೆ ಮುಂಚೆ. ಅಡುಗೆಮನೆಯ ಅಕ್ಕನನ್ನು ಕೇಳಿದ್ದಕ್ಕೆ ಬಿಸಿಯೂಟದ ಅಕ್ಕಿ, ತರಕಾರಿ ತೊಳೆದ ನೀರನ್ನೂ ಕೊಡುತ್ತಾರೆ. ಪಾತ್ರೆ ತೊಳೆದ ಸೋಪಿನ ನೀರು ಬೇಡ.

ಬೀಜದ ವಿಷಯಕ್ಕೆ ಬಂದರೆ, ಮೊದಲ ಸಲದವರು ಮೆಂತ್ಯದಿಂದ ಶುರು ಮಾಡಿ. ಮೂರು ನಾಲ್ಕು ದಿನಕ್ಕೆ ಮೊಳಕೆ, ಇಪ್ಪತ್ತೈದು ಮೂವತ್ತು ದಿನಕ್ಕೆ ಸೊಪ್ಪು. ಮನಸ್ಸಿಗೆ ಧೈರ್ಯ ಬರುತ್ತೆ. ಕೊತ್ತಂಬರಿ ಕಾಳನ್ನು ಚಪ್ಪಲಿ ಅಡಿಯಲ್ಲಿ ಮೆಲ್ಲಗೆ ಉಜ್ಜಿ ಎರಡು ಹೋಳು ಮಾಡಿ ಬಿತ್ತಬೇಕು, ಅದು ಮೊಳೆಯೋಕೆ ಹತ್ತು ದಿನವಾದರೂ ಬೇಕು. ಮೂರನೇ ದಿನವೇ ಮಣ್ಣು ಕೆದಕಿ ನೋಡಬೇಡಿ (ನಾನು ನೋಡಿದ್ದೆ). ದಂಟಿನ ಬೀಜ ಸಾಸಿವೆಗಿಂತ ಸಣ್ಣದು, ಮರಳಿನ ಜೊತೆ ಬೆರೆಸಿ ಚೆಲ್ಲಿ, ಮೇಲೆ ಮಣ್ಣು ಉದುರಿಸಿದರೆ ಸಾಕು. ಸಾಮಾನ್ಯವಾಗಿ ಬೀಜವನ್ನು ಅದರ ದಪ್ಪದ ಎರಡು ಮೂರು ಪಟ್ಟು ಆಳಕ್ಕಿಂತ ಕೆಳಗೆ ಹಾಕಬಾರದು. ಇರುವೆ ಬೀಜ ಹೊತ್ತುಕೊಂಡು ಹೋಗುತ್ತಿದ್ದರೆ ಮಡಿಯ ಸುತ್ತ ಒಲೆ ಬೂದಿ ಎಳೆಯಿರಿ.

ಬೆಂಡೆಯನ್ನು ರಾತ್ರಿ ನೆನೆಸಿ ಬೆಳಿಗ್ಗೆ ಹಾಕಿ. ಸಾಲಿನಿಂದ ಸಾಲಿಗೆ ಎರಡು ಅಡಿ, ಗಿಡದಿಂದ ಗಿಡಕ್ಕೆ ಒಂದು ಅಡಿ. ಇಷ್ಟು ದೂರ ಬಿಟ್ಟರೆ ಜಾಗ ಹಾಳು ಅನ್ನಿಸುತ್ತೆ, ಆಮೇಲೆ ಅನ್ನಿಸುವುದಿಲ್ಲ. ಒಂದೂವರೆ ತಿಂಗಳಿಗೆ ಹೂ, ಹೂ ಬಿಟ್ಟ ಐದಾರು ದಿನಕ್ಕೆ ಕಾಯಿ. ದಿನ ಬಿಟ್ಟು ದಿನ ಕೀಳದಿದ್ದರೆ ನಾರಾಗುತ್ತೆ. ಎಲೆಯ ನರಗಳು ಹಳದಿಯಾಗಿ ಬಲೆಯಂತೆ ಕಂಡರೆ ಅದು ನಂಜು ರೋಗ, ಬಿಳಿ ನೊಣದಿಂದ ಹರಡುತ್ತೆ. ಅದಕ್ಕೆ ಔಷಧಿ ಇಲ್ಲ, ಗಿಡವನ್ನು ಕಿತ್ತು ಹಾಕಬೇಕು. ನನಗೆ ಒಂದನ್ನು ಕೀಳೋಕೆ ಮನಸ್ಸು ಬರದೆ ನಾಲ್ಕು ದಿನ ಬಿಟ್ಟೆ, ಪಕ್ಕದ ಎರಡು ಗಿಡಕ್ಕೂ ಬಂತು. ಈ ರೋಗವನ್ನು ತಡೆದುಕೊಳ್ಳುವ ಅರ್ಕಾ ಅನಾಮಿಕಾ ಎಂಬ ತಳಿಯನ್ನು ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯವರು ಮಾಡಿದ್ದಾರೆ. ಸಿಕ್ಕರೆ ಅದನ್ನೇ ತನ್ನಿ. ಅದು ಹೈಬ್ರಿಡ್ ಅಲ್ಲ, ಬೀಜ ಉಳಿಸಿಕೊಂಡು ಮತ್ತೆ ಹಾಕಬಹುದು. ಹೈಬ್ರಿಡ್ ಆದರೆ ಅದರ ಬೀಜದಿಂದ ಬರುವ ಗಿಡಗಳು ಒಂದೊಂದು ಒಂದೊಂದು ಥರ.

ಡಿಸೆಂಬರ್ 20ರ ಹೊತ್ತಿಗೆ ನನ್ನ ಮೆಂತ್ಯ ಕೊಯ್ಲಿಗೆ ಬಂತು. ಹನ್ನೊಂದು ಕಟ್ಟು. ಬಿಸಿಯೂಟದ ಸಾರಿಗೆ ಹಾಕಿದರು. ಮಡಿ ನನ್ನ ಹತ್ತಿರವೇ ಉಳಿಯಿತು. ಖಾಲಿ ಬಿಟ್ಟ ಮೂರು ಚದರ ಮೀಟರಿನಲ್ಲಿ ಈಗ ತಿಪ್ಪೆ ಗುಂಡಿ ಮಾಡಿದ್ದೇನೆ, ಜೂನ್‌ಗೆ ಗೊಬ್ಬರ ಆಗುತ್ತೆ.

ನನ್ನ ಮಡಿಯ ಬೆಂಡೆ ಅರ್ಕಾ ಅನಾಮಿಕಾ ಅಲ್ಲ, ಅಜ್ಜಿಯ ಡಬ್ಬದ ಬೀಜ. ರೋಗ ಬಾರದ ಒಂದು ಗಿಡದಲ್ಲಿ ನಾಲ್ಕು ಕಾಯಿಯನ್ನು ಬೀಜಕ್ಕೆ ಬಿಟ್ಟು ಕೆಂಪು ದಾರ ಕಟ್ಟಿದ್ದೆ. ಮೊನ್ನೆ ನೋಡಿದರೆ ಮೂರೇ ಇವೆ. ಅವು ಗಿಡದಲ್ಲೇ ಒಣಗಿ ಬಿರಿಯಬೇಕು. ದಯವಿಟ್ಟು ಯಾರೂ ಕೀಳಬೇಡಿ. ಬೀಜ ಬೇಕಾದವರು ಪರೀಕ್ಷೆ ಮುಗಿದ ದಿನ ಕಾಗದದ ಪೊಟ್ಟಣ ತಂದು ನನ್ನ ಹತ್ತಿರ ಕೇಳಿ. ಒಬ್ಬರಿಗೆ ಹತ್ತು ಬೀಜ.

– ಒಂಬತ್ತನೇ ತರಗತಿಯ ಒಬ್ಬ ವಿದ್ಯಾರ್ಥಿ