ಗಾಜಿಗೆ ಗಾಜಿನ ರೇಟು, ಕಲ್ಲಿಗೆ ಕಲ್ಲಿನ ರೇಟು

ತಂಗಿ, ಸಂಕ್ರಾಂತಿಗೆ ಮೈಲಾಪುರದ ಮಲ್ಲಯ್ಯನ ಜಾತ್ರೆ, ಅದಾದ ಮೇಲೆ ಮನೆಯಲ್ಲಿ ಮದುವೆ. ಸ್ಫಟಿಕದ ಸರ ಒಂದು ತಗೋಬೇಕು ಅಂತ ನೀನು ಅವ್ವನ ಮುಂದೆ ಹೇಳಿದ್ದು ನನ್ನ ಕಿವಿಗೂ ಬಿತ್ತು. ಬೇಡ ಅನ್ನುವುದಿಲ್ಲ. ಬಂಗಾರದ ಗುಂಡುಗಳ ನಡುವೆ ತಿಳಿಮಣಿ ಪೋಣಿಸಿದರೆ ಎಂಥಾ ಸೀರೆಗೂ ಒಪ್ಪುತ್ತದೆ. ಆದರೆ ಗಂಟು ಬಿಚ್ಚುವ ಮೊದಲು ನಾಲ್ಕು ಮಾತು ಕೇಳಿಸಿಕೋ.

ಗಾಜಿನ ಸರ ಕೊಂಡರೆ ಮೋಸ ಹೋದಂತೆ ಅಲ್ಲ. ಗಾಜಿನ ಸರಕ್ಕೆ ಕಲ್ಲಿನ ದುಡ್ಡು ಎಣಿಸಿ ಕೊಟ್ಟರೆ ಅದು ಮೋಸ. ನಮ್ಮ ಸೀಮೆಯ ತಾಂಡಾಗಳಲ್ಲಿ ಲಂಬಾಣಿ ಹೆಣ್ಣುಮಕ್ಕಳು ಗಾಜಿನ ಮಣಿ, ಕನ್ನಡಿ ಚೂರು, ಕವಡೆ ಕೂಡಿಸಿ ಮಾಡುವ ಕೆಲಸ ನೋಡಿದವರು ಗಾಜನ್ನು ಕೀಳು ಅನ್ನುವುದಿಲ್ಲ. ನೀನು ನೋಡಬೇಕಾದ್ದು ಇಷ್ಟೇ: ಕೈಯಲ್ಲಿರುವುದು ಯಾವ ಮಾಲು, ಕೇಳುತ್ತಿರುವ ರೇಟು ಯಾವ ಮಾಲಿನದು.

ಯಾಕೆಂದರೆ ‘ಕ್ರಿಸ್ಟಲ್’ ಅಂತ ಒಂದೇ ಗೂಟಕ್ಕೆ ಮೂರು ಜಾತಿಯ ಸರ ತೂಗುಹಾಕಿರುತ್ತಾರೆ. ಒಂದು, ಭೂಮಿಯೊಳಗೆ ಬೆಳೆದ ಕಲ್ಲು, ಅಸಲಿ ಸ್ಫಟಿಕ. ಎರಡನೆಯದು ವಜ್ರದ ಹಾಗೆ ಪಟ್ಟಿ ಕೊಯ್ದು ಹೊಳಪು ಕೊಟ್ಟ ಗಾಜು. ಇದರಲ್ಲಿಯೂ ಮೇಲ್ದರ್ಜೆಯ ಕೆಲಸ ಇದೆ. ಆಸ್ಟ್ರಿಯಾದ ವಾಟನ್ಸ್ ಎಂಬ ಊರಿನಲ್ಲಿ ಡೇನಿಯಲ್ ಸ್ವರೋವ್ಸ್ಕಿ 1895ರಲ್ಲಿ ಯಂತ್ರದಿಂದ ಗಾಜು ಕೊಯ್ಯುವ ಕಾರ್ಖಾನೆ ಶುರುಮಾಡಿದ. ಇವತ್ತಿಗೂ ಆ ಹೆಸರಿಗೆ ಬೆಲೆ ಇದೆ, ಆದರೂ ಅದು ಗಾಜೇ. ಜಾತ್ರೆಯಲ್ಲಿ ಯಾರಾದರೂ ‘ಆಸ್ಟ್ರಿಯಾ ಮಾಲು’ ಅಂದರೆ ನಕ್ಕು ಮುಂದೆ ನಡೆ. ಮೂರನೆಯದು ಅಚ್ಚಿನಲ್ಲಿ ಹೊಯ್ದ ಪ್ಲಾಸ್ಟಿಕ್ಕು.

ಕಲ್ಲಿನ ಸಂಗತಿ ನಮಗೆ ಹೊಸದೇನೂ ಅಲ್ಲ. ಸುರಪುರ, ಶಹಾಪುರ, ಯಾದಗಿರಿಯ ಗುಡ್ಡದ ಬುಡದಲ್ಲಿ, ಹೊಲದ ಬದುವಿನಲ್ಲಿ ಬೆಳ್ಳಗೆ ಬಿದ್ದಿರುವ ಬೆಣಚುಕಲ್ಲು ನೋಡಿದ್ದೀಯಲ್ಲ, ಸ್ಫಟಿಕವೂ ಅದೇ ಕಲ್ಲು. ಬೆಣಚುಕಲ್ಲಿನ ಒಳಗೆ ಸಣ್ಣ ಸಣ್ಣ ಬಿರುಕು, ನೀರಗುಳ್ಳೆ ತುಂಬಿರುವುದರಿಂದ ಅದು ಹಾಲಿನ ಬಣ್ಣಕ್ಕೆ ತಿರುಗಿರುತ್ತದೆ. ಸ್ಫಟಿಕ ತಿಳಿಯಾಗಿ ಬೆಳೆದಿರುತ್ತದೆ. ಹುಣಸಗಿ ಸೀಮೆಯ ಬೂದಿಹಾಳದಲ್ಲಿ ಪುಣೆಯ ಡೆಕ್ಕನ್ ಕಾಲೇಜಿನ ಕೆ. ಪದ್ದಯ್ಯನವರು ಅಗೆಸಿದಾಗ, ಸುಮಾರು 4,000 ವರ್ಷದ ಹಿಂದಿನವರು ಚಕಮಕಿ ಜಾತಿಯ ಚರ್ಟ್ ಕಲ್ಲಿನಿಂದ ಅಲಗು ಮಾಡುತ್ತಿದ್ದ ಜಾಗವೇ ಸಿಕ್ಕಿತು. ಆ ಚರ್ಟ್ ಕೂಡ ಸ್ಫಟಿಕದ ಬಳಗದ್ದೇ. ಅಲಗಿಗೆ ಬೇಕಾದ ಗಟ್ಟಿತನ ಅದರಲ್ಲಿತ್ತು. ನೀನು ಮಣಿ ನೋಡುವಾಗಲೂ ಆ ಗಟ್ಟಿತನ ನೆನಪಿರಲಿ. ಗಡಸುತನದ ಅಳತೆಯಲ್ಲಿ ಸ್ಫಟಿಕ 7, ಸಾಧಾರಣ ಗಾಜು ಐದೂವರೆ. ಹಾಗಾಗಿ ವರ್ಷಾನುಗಟ್ಟಲೆ ಹಾಕಿಕೊಂಡ ಗಾಜಿನ ಸರದಲ್ಲಿ ಪಟ್ಟಿಯ ಅಂಚು ಸವೆದು ಮೊಂಡಾಗಿರುತ್ತದೆ, ಮೈಮೇಲೆ ಗೀರು ಬಿದ್ದಿರುತ್ತದೆ. ಕಲ್ಲಿನ ಹಳೇ ಸರದಲ್ಲಿ ಅಂಚು ಇನ್ನೂ ಚೂಪಾಗಿರುತ್ತದೆ. ಅಜ್ಜಿಯ ಪೆಟ್ಟಿಗೆಯ ಸರ ಯಾವುದೆಂದು ತಿಳಿಯಲು ಇದೊಂದೇ ಸಾಕು.

ಅಂಗಡಿಯಲ್ಲಿ ಮೊದಲು ಮಣಿಯನ್ನು ಕೆನ್ನೆಗೆ ಹಚ್ಚು. ಪ್ಲಾಸ್ಟಿಕ್ಕು ತಣ್ಣಗೆ ಅನಿಸುವುದೇ ಇಲ್ಲ. ಗಾಜು ತಣ್ಣಗಿದ್ದು ಬೇಗ ಬೆಚ್ಚಗಾಗುತ್ತದೆ. ಸ್ಫಟಿಕ ಮೈಯ ಬಿಸಿಯನ್ನು ಎಳೆದುಕೊಳ್ಳುವುದರಿಂದ ಹೆಚ್ಚು ಹೊತ್ತು ತಣ್ಣಗೇ ಇರುತ್ತದೆ. ಆದರೆ ನಮ್ಮ ಬ್ಯಾಸಿಗಿಯಲ್ಲಿ ಬಿಸಿಲಿಗೆ ತೂಗುಬಿಟ್ಟ ಸರಕ್ಕೆ ಈ ಪರೀಕ್ಷೆ ನಡೆಯದು. ನೆರಳಿನಲ್ಲಿ ಸ್ವಲ್ಪ ಹೊತ್ತು ಇಟ್ಟು ನೋಡು.

ಆಮೇಲೆ ಕಣ್ಣು. ಪತ್ತಾರರ ಹತ್ತಿರ ಹತ್ತು ಪಟ್ಟು ದೊಡ್ಡದು ಮಾಡಿ ತೋರಿಸುವ ಕಣ್ಣಿನ ಗಾಜು ಇರುತ್ತದೆ, ಕೇಳಿದರೆ ಕೊಡುತ್ತಾರೆ. ಬೆಳಕಿಗೆ ಹಿಡಿದಾಗ ಒಳಗೆ ದುಂಡನೆಯ ಗಾಳಿಗುಳ್ಳೆ ಕಂಡರೆ ಅದು ಕಲ್ಲಲ್ಲ, ಮರುಮಾತಿಲ್ಲ. ಕಲ್ಲಿನೊಳಗೆ ಹೊಗೆಯ ಎಳೆಯಂಥ ಮಸುಕು, ಪುಕ್ಕದಂಥ ಬಿರುಕು, ಸೂಜಿಯಂಥ ಗೆರೆ ಇರಬಹುದು. 108 ಮಣಿಯಲ್ಲಿ ಒಂದರಲ್ಲೂ ಒಂದು ಕಲೆ ಇಲ್ಲ, ರೇಟೂ ಕಡಿಮೆ ಅಂದರೆ ಅನುಮಾನ ಪಡು. ತೂತಿನ ಬಾಯಿಯನ್ನೂ ನೋಡು: ಪ್ಲಾಸ್ಟಿಕ್ ಮಣಿಗೆ ಅಚ್ಚಿನ ಎರಡು ಹೋಳು ಕೂಡಿದ ಗೆರೆ ಸುತ್ತಲೂ ಉಳಿದಿರುತ್ತದೆ, ಬಣ್ಣ ಬಳಿದ ಮಣಿಯಾದರೆ ತೂತಿನ ಬಳಿಯೇ ಬಣ್ಣ ಮೊದಲು ಎದ್ದಿರುತ್ತದೆ.

ಕೈಯಲ್ಲಿ ಭಾರ ತೂಗಿ ‘ಭಾರ ಅದ, ಅಸಲಿ ಅದ’ ಅನ್ನಬೇಡ. ಸೀಸ ಬೆರೆಸಿದ ಗಾಜು ಸ್ಫಟಿಕಕ್ಕಿಂತ ಭಾರ. ತಕ್ಕಡಿಯ ಲೆಕ್ಕ ಹಿಡಿ. 8 ಮಿಲಿಮೀಟರಿನ ದುಂಡನೆಯ 108 ಮಣಿ ಸ್ಫಟಿಕದ್ದಾದರೆ ಸುಮಾರು 75 ಗ್ರಾಂ, ಸಾಧಾರಣ ಗಾಜಿನದ್ದಾದರೆ ಸುಮಾರು 70, ಪ್ಲಾಸ್ಟಿಕ್ಕಾದರೆ 35 ಗ್ರಾಮೂ ಮುಟ್ಟುವುದಿಲ್ಲ. ಸೀಸದ ಗಾಜು 80 ದಾಟುತ್ತದೆ. ಕಲ್ಲಿಗೂ ಗಾಜಿಗೂ ಐದೇ ಗ್ರಾಂ ಅಂತರ, ಮಣಿಯ ಅಳತೆ ಕೂದಲೆಳೆಯಷ್ಟು ಹೆಚ್ಚುಕಡಿಮೆಯಾದರೂ ಲೆಕ್ಕ ತಪ್ಪುತ್ತದೆ. ಆಗ ಪತ್ತಾರರ ಡಿಜಿಟಲ್ ತಕ್ಕಡಿಯ ಮೇಲೆ ಅರ್ಧ ಲೋಟ ನೀರಿಟ್ಟು ಅಂಕಿಯನ್ನು ಸೊನ್ನೆಗೆ ತರಲು ಹೇಳು. ಬಂಗಾರ, ಬೆಳ್ಳಿ ಸೇರದ ಬರೀ ಮಣಿಸರವನ್ನು ದಾರದಿಂದ ಹಿಡಿದು, ತಳಕ್ಕಾಗಲಿ ಗೋಡೆಗಾಗಲಿ ತಾಗದಂತೆ ನೀರಿನಲ್ಲಿ ಮುಳುಗಿಸು. ಅಂಟಿದ ಗಾಳಿ ಹೋಗುವಂತೆ ಒಮ್ಮೆ ಅಲ್ಲಾಡಿಸು. ಈಗ ಬರುವ ಅಂಕಿಯಿಂದ ಸರದ ಒಣ ತೂಕವನ್ನು ಭಾಗಿಸು. 75 ಗ್ರಾಂ ಸರಕ್ಕೆ ನೀರಿನಲ್ಲಿ 28 ಗ್ರಾಮಿನ ಆಸುಪಾಸು ಬಂದರೆ ಭಾಗಲಬ್ಧ 2.65ರ ಹತ್ತಿರ, ಸ್ಫಟಿಕದ ಅಂಕಿ ಅದೇ. 30 ಬಂದರೆ 2.5, ಸಾಧಾರಣ ಗಾಜು. ಗಾಜಿನಲ್ಲಿ ನಾನಾ ಬೆರಕೆ ಇರುವುದರಿಂದ ಗುಳ್ಳೆಯನ್ನೂ ಅಂಕಿಯನ್ನೂ ಕೂಡಿಸಿ ನೋಡಿ ತೀರ್ಮಾನಕ್ಕೆ ಬಾ. ಮಣಿಗೆ ಇದರಿಂದ ಒಂದು ಗೀರೂ ಬೀಳುವುದಿಲ್ಲ.

ಇನ್ನು ನಂಬಬಾರದ ಪರೀಕ್ಷೆಗಳು. ‘ಒರಿಜಿನಲ್ ಅದರೀ ಅಕ್ಕೋರೆ, ನೀರಾಗ ಹಾಕಿದ್ರ ಕಾಣಂಗಿಲ್ಲ ನೋಡ್ರಿ’ ಅಂತ ಬಟ್ಟಲಲ್ಲಿ ಮಣಿ ಬಿಟ್ಟು ತೋರಿಸುತ್ತಾರೆ. ತಿಳಿಯಾದ ಯಾವ ಮಣಿಯೂ ನೀರಿನಲ್ಲಿ ಮಸುಕಾಗುತ್ತದೆ. ಬೆಳಕನ್ನು ಬಾಗಿಸುವ ಗುಣ ನೀರಿಗೆ 1.33, ಪ್ಲಾಸ್ಟಿಕ್ಕಿಗೆ 1.49, ಗಾಜಿಗೆ 1.52ರ ಹತ್ತಿರ, ಸ್ಫಟಿಕಕ್ಕೆ 1.54. ನೀರಿಗೆ ಹತ್ತಿರವಿದ್ದಷ್ಟೂ ಕಣ್ಣಿಗೆ ಮರೆಯಾಗುವುದು ಹೆಚ್ಚು. ಅಂದರೆ ಅಗ್ಗದ ಮಾಲೇ ಚೆನ್ನಾಗಿ ಮಾಯವಾಗುತ್ತದೆ!

ಕತ್ತಲಲ್ಲಿ ಎರಡು ಮಣಿ ಉಜ್ಜಿದರೆ ಬೆಳಕು ಬರುತ್ತದೆ ಅನ್ನುತ್ತಾರೆ. ಅದು ಸುಳ್ಳಲ್ಲ, ಬೆಣಚುಕಲ್ಲು ಉಜ್ಜಿ ಹುಡುಗರು ಆಡುವ ಆಟವೇ ಅದು. ಆದರೆ ಉಜ್ಜಿದ ಮಣಿಯ ಹೊಳಪು ಮಣ್ಣುಪಾಲು. ಕಡ್ಡಿ ಗೀರಿ ಬೆಂಕಿ ಹಿಡಿಯುವುದಂತೂ ಬೇಡವೇ ಬೇಡ, ಹಠಾತ್ ಬಿಸಿಗೆ ಅಸಲಿ ಕಲ್ಲೂ ಬಿರಿಯುತ್ತದೆ. ಮತ್ತೆ, ಗಡಿಯಾರಕ್ಕೂ ರೇಡಿಯೊಕ್ಕೂ ಬೇಕಾಗುವ ಸ್ಫಟಿಕವನ್ನು ಕಾರ್ಖಾನೆಯಲ್ಲೇ ಬೆಳೆಸುತ್ತಾರೆ. ಅದು ಮಣಿಯಾಗಿ ಬಂದರೆ ತಕ್ಕಡಿಯೂ ಕೆನ್ನೆಯೂ ಸೋಲುತ್ತವೆ. ದೊಡ್ಡ ಮೊತ್ತ ಕೊಡುವುದಿದ್ದರೆ ರತ್ನ ಪರೀಕ್ಷೆಯ ಪ್ರಯೋಗಾಲಯದ ಚೀಟಿ ಕೇಳು. ‘ಹಿಮಾಲಯದ ಸ್ಫಟಿಕ’ ಎಂಬ ಮಾತಿಗೆ ಒಂದು ರೂಪಾಯಿಯೂ ಹೆಚ್ಚು ಕೊಡಬೇಡ.

1948ರವರೆಗೆ ನಿಜಾಮರ ಸೀಮೆಯಲ್ಲಿದ್ದ ನಮ್ಮವರಿಗೆ ಮದುವೆ ಜವಳಿ, ಬಳೆ, ಮುತ್ತು ಅಂದರೆ ಈಗಲೂ ಹೈದರಾಬಾದು. ಚಾರ್ಮಿನಾರಿನ ಪಕ್ಕದ ಲಾಡ್ ಬಜಾರಿಗೆ ಹೋದರೂ, ತಿಂಥಣಿ ಮೌನೇಶ್ವರನ ಜಾತ್ರೆಯ ಬಯಲಲ್ಲಿ ಕೂತು ಆರಿಸಿದರೂ ಕ್ರಮ ಒಂದೇ. ಮೂರು ಕಡೆ ರೇಟು ಕೇಳು. ಬಂಗಾರದ ಜೊತೆ ಪೋಣಿಸಿದ ಸರವಾದರೆ ಮಣಿ ಬಿಟ್ಟು ಬಂಗಾರದ ನಿವ್ವಳ ತೂಕವನ್ನು ಬೇರೆ ಬರೆಸು. ಹಾಲ್‌ಮಾರ್ಕ್ ಬಂಗಾರಕ್ಕೆ ಸಾಕ್ಷಿ, ಮಣಿಗೆ ಅಲ್ಲ. ಬಂಗಾರದ ರೇಟಿನಲ್ಲಿ ಮಣಿ ತೂಗಿಸಿಕೊಂಡು ಬಂದರೆ ಅದು ಎಲ್ಲಕ್ಕಿಂತ ದೊಡ್ಡ ಪೆಟ್ಟು. ಪೋಣಿಸುವ ಪಟವೇಗಾರರಿಗೆ ಮಣಿಮಣಿಗೂ ಗಂಟು ಹಾಕಲು ಹೇಳು. ಕಲ್ಲಿನ ತೂತಿನ ಅಂಚು ದಾರ ಕೊಯ್ಯುತ್ತದೆ. ಗಂಟಿದ್ದರೆ ದಾರ ಹರಿದರೂ ಮಣಿ ಚೆಲ್ಲಾಪಿಲ್ಲಿಯಾಗುವುದಿಲ್ಲ. ಮೈಲಾಪುರಕ್ಕೆ ಮಾತ್ರ ಆ ಸರ ಹಾಕಿಕೊಂಡು ಹೋಗಬೇಡ, ಭಂಡಾರದ ಅರಿಶಿನ ದಾರಕ್ಕೆ ಹತ್ತಿದರೆ ಬಿಡುವುದಿಲ್ಲ.

ಬಿಲ್ಲು ಬಿಡಬೇಡ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ಬಿಲ್ಲು ಕೊಡದಿರುವುದೂ, ಒಂದು ಮಾಲನ್ನು ಇನ್ನೊಂದರ ಹೆಸರು ಹೇಳಿ ಮಾರುವುದೂ ಅನುಚಿತ ವ್ಯಾಪಾರ. ದೋಷದ ಮಾಲನ್ನು ಬಿಲ್ಲಿನಲ್ಲಿ ಬರೆದ ಅವಧಿಯೊಳಗೆ, ಬರೆದಿಲ್ಲದಿದ್ದರೆ 30 ದಿನದೊಳಗೆ, ವಾಪಸು ತಗೊಳ್ಳಲು ಒಪ್ಪದಿರುವುದೂ ಅದರಲ್ಲೇ ಸೇರುತ್ತದೆ. ದೂರಿಗೆ 1915 ಸಹಾಯವಾಣಿ ಇದೆ, ಅದಕ್ಕೂ ಮೇಲೆ ಜಿಲ್ಲಾ ಗ್ರಾಹಕ ಆಯೋಗ ಇದೆ. ಆದರೆ ಅಲ್ಲಿ ನಿನ್ನ ಪರ ಮಾತಾಡುವುದು ಕಾಗದ ಮಾತ್ರ.

ಆದ್ದರಿಂದ ಕೆನ್ನೆ, ಕಣ್ಣು, ತಕ್ಕಡಿ ಎಲ್ಲಾ ಆದಮೇಲೆ ಅಂಗಡಿಯವನಿಗೆ ಒಂದೇ ಮಾತು ಕೇಳು: ‘ಇದು ಕಲ್ಲೋ, ಗಾಜೋ? ಬಿಲ್ಲಿನ್ಯಾಗ ಬರೆದು ಕೊಡ್ರಿ.’ ಕಲ್ಲು ಅಂತ ಬರೆದು ಕೊಟ್ಟರೆ ಕಲ್ಲಿನ ರೇಟು ಕೊಡು. ಬಾಯಲ್ಲಿ ಗ್ಯಾರಂಟಿ ಹೇಳಿ ಪೆನ್ನು ಹಿಡಿಯಲು ಹಿಂದೆಮುಂದೆ ನೋಡಿದರೆ ಗಾಜಿನ ರೇಟು ಹೇಳು; ಒಪ್ಪದಿದ್ದರೆ ಮುಂದಿನ ಅಂಗಡಿಗೆ ನಡೆ.