ಕಥೆಗೊಂದು ಖನಿಜ, ಪಾವಗಡದ ನೀರಿನಿಂದ

ಕಥೆಗೆ ಹೊಸ ಖನಿಜ ಬೇಕು ಅಂದ್ರೆ ನಾವು ಮೊದಲು ಹೆಸರಿಡ್ತೀವಿ, ಆಮೇಲೆ ನೀಲಿಯಾಗಿ ಹೊಳೆಯೋ ಹಾಗೆ ಮಾಡ್ತೀವಿ. 2006ರ ‘ಸೂಪರ್‌ಮ್ಯಾನ್ ರಿಟರ್ನ್ಸ್’ ಸಿನಿಮಾದವರು ಇನ್ನೊಂದು ಹೆಜ್ಜೆ ಮುಂದೆ ಹೋಗಿ ಕ್ರಿಪ್ಟೊನೈಟ್‌ನಲ್ಲಿ ಏನೇನಿದೆ ಅಂತಲೂ ಬರೆದರು: ಸೋಡಿಯಂ, ಲಿಥಿಯಂ, ಬೋರಾನ್, ಸಿಲಿಕೇಟ್, ಹೈಡ್ರಾಕ್ಸೈಡ್, ಜೊತೆಗೆ ಫ್ಲೋರಿನ್. ಮುಂದಿನ ವರ್ಷ ಸರ್ಬಿಯಾದ ಜಾಡರೈಟ್ ಎಂಬ ಹೊಸ ಖನಿಜ ಸುದ್ದಿಯಾಯಿತು. ಫ್ಲೋರಿನ್ ಒಂದು ಬಿಟ್ಟು ಉಳಿದದ್ದೆಲ್ಲ ಅದರಲ್ಲಿತ್ತು. ಬಣ್ಣ ಮಾತ್ರ ಹಸಿರಲ್ಲ, ಬಿಳಿ.

ಆ ಫ್ಲೋರಿನ್ ನಮ್ಮ ತುಮಕೂರು ಜಿಲ್ಲೆಯಲ್ಲೇ ಇದೆ. ಮಧುಗಿರಿ, ಪಾವಗಡದ ಬೆಟ್ಟಗಳು ಸುಮಾರು 250 ಕೋಟಿ ವರ್ಷ ಹಳೆಯ ಕ್ಲೋಸ್‌ಪೇಟ್ ಗ್ರಾನೈಟ್ ಪಟ್ಟಿಯವು (ಕ್ಲೋಸ್‌ಪೇಟ್ ಅಂದ್ರೆ ರಾಮನಗರದ ಹಳೇ ಹೆಸರು). ಇಂಥ ಕಲ್ಲಿನ ಕಪ್ಪು ಕಾಗೆಬಂಗಾರದಲ್ಲಿ, ಅಪಟೈಟ್ ಎಂಬ ಖನಿಜದಲ್ಲಿ ಫ್ಲೋರಿನ್ ಸೇರಿಕೊಂಡಿರುತ್ತೆ. ನೀರು ಬಿರುಕುಗಳಲ್ಲಿ ಹೆಚ್ಚು ಕಾಲ ನಿಂತಷ್ಟೂ ಅದು ಫ್ಲೋರೈಡ್ ಆಗಿ ಕರಗುತ್ತೆ. ನೀರಲ್ಲಿ ಕ್ಯಾಲ್ಸಿಯಂ ಜಾಸ್ತಿ ಇದ್ರೆ ಫ್ಲೋರೈಡನ್ನು ಹಿಡಿದು ತಳಕ್ಕಿಳಿಸುತ್ತೆ. ಕಮ್ಮಿ ಇದ್ರೆ ತಡೆಯೋರೇ ಇಲ್ಲ. ಮಳೆ ಕಮ್ಮಿ, ಬೋರ್‌ವೆಲ್ ಆಳ. ಪಾವಗಡ, ಶಿರಾ, ಮಧುಗಿರಿ, ಕೊರಟಗೆರೆ ನಾಲ್ಕೂ ತಾಲ್ಲೂಕುಗಳಲ್ಲಿ ಲೀಟರಿಗೆ 1.5 ಮಿಲಿಗ್ರಾಂ ಮಿತಿ ದಾಟಿದ ನೀರು ಸಿಕ್ಕಿದೆ.

ಹಲ್ಲಿನ ಎನಾಮಲ್ ಕೂಡ ಅಪಟೈಟ್ ಜಾತಿಯದೇ. ಅದು ರೂಪುಗೊಳ್ಳುವಾಗ, ಅಂದ್ರೆ ಸುಮಾರು 8 ವರ್ಷದೊಳಗೆ ಈ ನೀರು ಕುಡಿದವರ ಹಲ್ಲಿಗೆ ಕಂದು ಕಲೆ ಬೀಳುತ್ತೆ. ದೊಡ್ಡವರಾದ ಮೇಲೆ ಊರಿಗೆ ಬಂದವರಿಗೆ ಬೀಳಲ್ಲ. ಹುಟ್ಟೂರಲ್ಲೇ ಬೆಳೆದ ಗಂಡ ಬಾಯಿಗೆ ಕೈ ಅಡ್ಡ ಇಟ್ಟು ನಗ್ತಾನೆ, ಹೊರಗಿನಿಂದ ಬಂದ ಹೆಂಡತಿಯ ಹಲ್ಲು ಬೆಳ್ಳಗಿರುತ್ತೆ. ಪ್ರಮಾಣ ತುಂಬಾ ಹೆಚ್ಚಿದ್ದು ವರ್ಷಗಟ್ಟಲೆ ಕುಡಿದರೆ ಮೂಳೆ ಮಾತ್ರ ಇಬ್ಬರದ್ದೂ ಉಳಿಯಲ್ಲ. ಕೀಲು ಬಿಗಿಯುತ್ತೆ, ಬೆನ್ನು ಬಾಗುತ್ತೆ.

ಯಾವ ಮಂತ್ರದ ಕಲ್ಲಿಗೂ ಇಷ್ಟು ಒಳ್ಳೆ ನಿಯಮಗಳಿರಲ್ಲ ಅನ್ನೋದು ನಮ್ಮ ಅಭಿಪ್ರಾಯ. ಇದೇ ಅಚ್ಚಿನಲ್ಲಿ ಒಂದು ಖನಿಜ ಮಾಡೋಣ. ಹೊಳೆಯಲ್ಲ, ಕಣ್ಣಿಗೇ ಕಾಣಲ್ಲ. ಕುದಿಸಿದರೂ ಹೋಗಲ್ಲ (ಫ್ಲೋರೈಡೂ ಅಷ್ಟೇ, ನೀರು ಆವಿಯಾಗಿ ಉಳಿದದ್ದು ಇನ್ನೂ ಗಟ್ಟಿಯಾಗುತ್ತೆ). ಅದನ್ನು ಕುಡಿದು ಬೆಳೆದವರಿಗೆ ನೆಲದಡಿಯ ನೀರಿನ ಸದ್ದು ಕೇಳಿಸುತ್ತೆ ಅಂತಿಟ್ಕೊಳ್ಳಿ. ಬೋರ್‌ವೆಲ್ ಪಾಯಿಂಟ್ ತೋರಿಸೋಕೆ ಊರಿಗೆ ಅವರೇ ಬೇಕು. ಅವರು ಆಳದ ನೀರು ತೋರಿಸಿದಷ್ಟೂ ಅವರ ಮಕ್ಕಳ ಬೆನ್ನು ಬೇಗ ಬಾಗುತ್ತೆ.

ಕೊನೆಗೆ ಊರಿಗೆ ಶುದ್ಧ ನೀರಿನ ಘಟಕ ಬರುತ್ತೆ. ಆಮೇಲೆ ಹುಟ್ಟಿದ ಮಕ್ಕಳ ಹಲ್ಲು ಬೆಳ್ಳಗೆ, ಕಿವಿಗೆ ಏನೂ ಕೇಳಿಸಲ್ಲ. ಒಂದಿನ ಘಟಕ ಕೆಟ್ಟು ನಿಲ್ಲುತ್ತೆ. ರಿಪೇರಿ ಮಾಡಿಸೋದೋ ಬೇಡವೋ ಅಂತ ಹಿರಿಯರು ಅರಳಿಕಟ್ಟೆಯಲ್ಲಿ ಸೇರ್ತಾರೆ. ಕಥೆಯನ್ನ ಅಲ್ಲಿಂದ ಶುರು ಮಾಡಬಹುದು.